ಪ್ಯಾಂಟು ಉಳಿಯಿತು, ಮನುಷ್ಯ ಹೋದ

ಅಷ್ಟು ವರ್ಷ ಹೊಲಿಗೆ ಯಂತ್ರ ತುಳಿದವಳು ಆಂಬ್ಯುಲೆನ್ಸ್ ಕೆಲಸ ಕಲಿಯಲು ಹೊರಟಾಗ ಓಣಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವಳ ಯಂತ್ರಕ್ಕೆ ಕೆಲಸವಿರಲಿಲ್ಲ, ಅವಳಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ತರಬೇತಿ ಕೇಂದ್ರದಲ್ಲಿ ಟೈಲರಮ್ಮ ಎಂದೇ ಹೆಸರು ಬಿತ್ತು. ನಾಡಿ ಹಿಡಿಯುವುದು, ಉಸಿರು ನೋಡುವುದು, ಸ್ಟ್ರೆಚರ್ ಎತ್ತುವುದು ಎಲ್ಲವೂ ನೀರು ಕುಡಿದಷ್ಟು ಸಲೀಸಾಗಿ ಬಂತು. ಕೈಕೊಟ್ಟದ್ದು ಕತ್ತರಿ.

ಅಪಘಾತವಾಗಿ ಬಿದ್ದವರ ಬಟ್ಟೆ ಬಿಚ್ಚುತ್ತ ಕೂರುವಂತಿಲ್ಲ. ಸರಸರನೆ ಕತ್ತರಿಸಿ, ರಕ್ತ ಎಲ್ಲಿಂದ ಹೋಗುತ್ತಿದೆ ಎಂದು ನೋಡಬೇಕು. ಪರೀಕ್ಷೆಯ ದಿನ ರಬ್ಬರ್ ಗೊಂಬೆಗೆ ಪ್ಯಾಂಟು ತೊಡಿಸಿ ಮಲಗಿಸಿದ್ದರು. ಟೈಲರಮ್ಮ ಬಗ್ಗಿದಳು, ಪಕ್ಕದ ಹೊಲಿಗೆ ಹುಡುಕಿದಳು, ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಒಳ್ಳೇ ಬಟ್ಟೆ, ಅಡ್ಡಾದಿಡ್ಡಿ ಕತ್ತರಿಸಲು ಕೈಯೇ ಬರಲಿಲ್ಲ. ಮಂಡಿಯವರೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಮೇಷ್ಟ್ರು ತಮ್ಮ ಕರವಸ್ತ್ರ ತೆಗೆದು ಗೊಂಬೆಯ ಮುಖಕ್ಕೆ ಹೊದಿಸಿದರು.

"ಪ್ಯಾಂಟು ಉಳೀತು ಟೈಲರಮ್ಮ. ಮನುಷ್ಯ ಹೋದ."

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮುಂದಿನ ವಾರ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಮನೆಗೆ.

ಮನೆಯಲ್ಲಿ ಅಭ್ಯಾಸ ಮಾಡಿಸಲು ಅತ್ತೆ ಟೊಂಕ ಕಟ್ಟಿ ನಿಂತರು. ಮಗನ ಹಳೆಯ ಅಂಗಿ ತೊಟ್ಟು ಚಾಪೆಯ ಮೇಲೆ ಅಂಗಾತ ಮಲಗಿದರು.

"ಅಯ್ಯಯ್ಯೋ, ಸತ್ತೆ! ಬಾರೇ, ಬೇಗ ಕತ್ತರಿಸು!"

"ಅತ್ತೆ, ಅಷ್ಟು ಕೂಗ್ಬೇಡಿ, ಪಕ್ಕದ ಮನೆಯವರು ಓಡಿ ಬಂದಾರು."

"ಬರ್ಲಿ ಬಿಡು, ನೀನಂತೂ ಉಳಿಸೋ ಹಾಗೆ ಕಾಣಲ್ಲ. ಅಲ್ಲಾ ಕಣೇ, ನಾನಿಲ್ಲಿ ರಕ್ತ ಸುರಿಸ್ಕೊಂಡು ಬಿದ್ದಿದ್ರೆ ನೀನು ಹೊಲಿಗೆ ಸವರ್ತಾ ಕೂತಿದ್ದೀಯಲ್ಲ! ನಾನು ಹೆಚ್ಚೋ, ಈ ಅಂಗಿ ಹೆಚ್ಚೋ?"

"ಅಂಗಿ ತೋಳು ಇನ್ನೂ ಗಟ್ಟಿ ಇದೆ ಅತ್ತೆ..."

"ಸರಿ ಹಾಗಾದ್ರೆ. ಅಂಗಿಗೇ ಊಟ ಬಡಿಸು, ಅಂಗಿಯನ್ನೇ ಅತ್ತೆ ಅಂತ ಕರಿ!"

ಆ ಅಂಗಿ ಹರಿಯಲಿಲ್ಲ. ಅತ್ತೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು.

ಎರಡನೆಯ ಪರೀಕ್ಷೆಯ ದಿನ ಗೊಂಬೆ ರಿಪೇರಿಗೆ ಹೋಗಿತ್ತು. ರೋಗಿಯಾಗಿ ಮಲಗಲು ಆಂಬ್ಯುಲೆನ್ಸಿನ ಡ್ರೈವರಣ್ಣ ಮುಂದೆ ಬಂದ.

"ಹಳೇ ಬಟ್ಟೆ ಹಾಕ್ಕೊಳಯ್ಯಾ," ಎಂದರು ಮೇಷ್ಟ್ರು.

"ಟೈಲರಮ್ಮನ ಕೈಯಲ್ಲಿ ನನ್ನ ಪ್ಯಾಂಟಿಗೇನು ಭಯ ಸಾರ್!"

ಗಾಯದ ಗುರುತಿಗೆ ಪ್ಯಾಂಟಿನ ಒಳಗೆ ಎಲ್ಲೋ ಕೆಂಪು ಬಣ್ಣ ಬಳಿದುಕೊಂಡು ಬಂದು ಅವನು ನೆಲದ ಮೇಲೆ ಬಿದ್ದು ನರಳಿದ. ಟೈಲರಮ್ಮ ಮಂಡಿಯೂರಿ ಪ್ಯಾಂಟಿನ ಅಂಚು ಹಿಡಿದವಳು ಅಲ್ಲೇ ತಡೆದಳು. ಅದು ಅವಳೇ ಹೊಲಿದದ್ದು, ಅವಳ ಯಂತ್ರಕ್ಕೆ ಸಿಕ್ಕ ಕೊನೆಯ ಕೆಲಸ. ಆ ಜೇಬು ಕೂರಿಸಲು ಒಂದು ಇಡೀ ಸಂಜೆ ಹೋಗಿತ್ತು. ಕಣ್ಣು ತಾನಾಗಿಯೇ ಪಕ್ಕದ ಹೊಲಿಗೆಯತ್ತ ಜಾರಿತು.

ಡ್ರೈವರಣ್ಣ ಮೆಲ್ಲಗೆ, "ನಿಧಾನ ತಾಯಿ, ಹೊಸದು," ಎಂದ.

ಅವಳು ಅವನ ಮುಖ ನೋಡಿದಳು. ಪ್ಯಾಂಟಿನ ಒಳಗೊಬ್ಬ ಮನುಷ್ಯನಿದ್ದಾನೆ ಎನ್ನುವುದು ಆಗಲೇ ಅವಳಿಗೆ ಸರಿಯಾಗಿ ಕಂಡದ್ದು. ಹಲ್ಲು ಕಚ್ಚಿ ಕತ್ತರಿ ಹಾಕಿದಳು. ಚರ್ರನೆ ಕೆಳಗಿನಿಂದ ಸೊಂಟದವರೆಗೆ, ಜೇಬಿನ ಮೇಲೇ ಹಾದುಹೋಯಿತು. ತೊಡೆಯ ಹಿಂದೆ ಕೆಂಪು ಬಣ್ಣ ಸಿಕ್ಕಿತು. ಬಟ್ಟೆಯ ಮಡಿಕೆ ಇಟ್ಟು, ಮೈಭಾರವನ್ನೆಲ್ಲ ಅಂಗೈಗೆ ತಂದು ಅದುಮಿ ಹಿಡಿದಳು.

"ಬದುಕಿದ," ಎಂದರು ಮೇಷ್ಟ್ರು. "ಪಾಸು. ಸೋಮವಾರದಿಂದ ಡ್ಯೂಟಿಗೆ ಬಾ."

"ಎಲ್ಲಿ ಬದುಕಿದೆ ಸಾರ್?" ಡ್ರೈವರಣ್ಣ ಗೋಳಾಡಿದ. "ಈ ಅವತಾರದಲ್ಲಿ ಮನೆಗೆ ಹೋದ್ರೆ ಹೆಂಡತಿ ಉಳಿಸ್ತಾಳಾ?"

ನಡೆದು ಹೋಗುವಂತೆಯೇ ಇರಲಿಲ್ಲ. ಕುತ್ತಿಗೆಯವರೆಗೆ ಹೊದಿಕೆ ಹೊದಿಸಿ ಅವನನ್ನು ಸ್ಟ್ರೆಚರಿನಲ್ಲೇ ಗಾಡಿಗೆ ಏರಿಸಿದರು. ಓಡಿಸುವವನೇ ಮಲಗಿದ್ದರಿಂದ ಮೇಷ್ಟ್ರು ಸ್ಟಿಯರಿಂಗ್ ಹಿಡಿಯಬೇಕಾಯಿತು. ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತ ಗೇಟು ದಾಟಿತು.

"ಕ್ಲಚ್ ಸಾರ್, ಕ್ಲಚ್ಚು! ನನ್ನ ಗಾಡಿ ಸಾರ್ ಅದು!" ರೋಗಿ ಎದ್ದು ಕೂರಲು ಹೋದ.

ಟೈಲರಮ್ಮ ಅವನ ಭುಜ ಹಿಡಿದು ಮಲಗಿಸಿ, ಮಣಿಕಟ್ಟಿಗೆ ಬೆರಳಿಟ್ಟಳು.

"ಸುಮ್ನೆ ಮಲಗಣ್ಣ. ನಾಡಿ ಸಿಕ್ಕಾಪಟ್ಟೆ ಓಡ್ತಿದೆ."