ಎಡ ಭುಜದ ಟೋಪಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಗಳು ಹೇಳುತ್ತಾಳೆ. ಸುಳ್ಳು. ಮೂಗಿನ ತುದಿಯಲ್ಲಿ ಕೂರುವಷ್ಟು ಪುರುಸೊತ್ತು ನನ್ನ ಕೋಪಕ್ಕಿಲ್ಲ, ನೇರವಾಗಿ ಬಾಯಿಗೇ ಬರುತ್ತದೆ. ಮೂವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು, ಊರಿನವರ ಹೊಟ್ಟೆ ಬೆಳೆದ ಹಾಗೆಲ್ಲ ಅವರ ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡಿಕೊಟ್ಟವಳು ನಾನು. "ಬಟ್ಟೆ ಕುಗ್ಗಿಬಿಟ್ಟಿದೆ" ಎಂದವರಿಗೆ "ಬಟ್ಟೆ ಕುಗ್ಗಿಲ್ಲ, ನೀವು ಹಿಗ್ಗಿದೀರಿ" ಎಂದು ಮುಖಕ್ಕೇ ಹೇಳಿಯೂ ಗಿರಾಕಿಗಳನ್ನು ಉಳಿಸಿಕೊಂಡಿದ್ದೇನೆ.

ನಮ್ಮವರದು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಂಬಂತೆ ಬೇರೆಯದೇ ದಾರಿ. ಅಚ್ಚುಕೂಟದಲ್ಲಿ ಪ್ರೂಫ್ ನೋಡುವ ಕೆಲಸ, ಮಾತು ಅಷ್ಟಕ್ಕಷ್ಟೆ. ಮನೆಗೆ ಬಂದ ಕರೆಂಟ್ ಬಿಲ್ಲಿನಲ್ಲೂ ಕೆಂಪು ಪೆನ್ನಿನಿಂದ ತಪ್ಪು ತಿದ್ದಿ ಆಮೇಲೆ ಕಟ್ಟಲು ಹೋಗುವ ಮನುಷ್ಯ. ಇಂಥವರಿಗೆ ಸಮವಸ್ತ್ರ ಕೂಡಿಡುವ ಹುಚ್ಚು ಹಿಡಿದದ್ದು ನನ್ನ ದೆಸೆಯಿಂದಲೇ. ಇಪ್ಪತ್ತು ವರ್ಷದ ಹಿಂದೆ ಹಳೇ ಬಟ್ಟೆ ಮಾರುವ ಅಂಗಡಿಗೆ ಗುಂಡಿ ಹುಡುಕಲು ಹೋದಾಗ ಚೀಲ ಹಿಡಿಯಲಿ ಎಂದು ಇವರನ್ನೂ ಕರೆದೊಯ್ದಿದ್ದೆ. ಅಲ್ಲಿನ ಮೂಟೆಯಲ್ಲಿ ಒಂದು ಮಾಸಿದ ಹಸಿರು ಷರಟು ಸಿಕ್ಕಿತು. ಕಾಲರಿನ ಒಳಗೆ ಒಂದು ಮುದ್ರೆ, ಮುದ್ರೆಯಲ್ಲಿ ಒಂದೇ ಒಂದು ಅಕ್ಷರ, ಅದೂ ಇವರಿಗೆ ಓದಲು ಬಾರದ ಅಕ್ಷರ. ಹೊಟ್ಟೆಪಾಡಿಗೆ ಅಕ್ಷರವನ್ನೇ ನಂಬಿದವರಿಗೆ ಅದನ್ನು ಅಲ್ಲೇ ಬಿಟ್ಟು ಬರಲು ಆದೀತೆ? ವಾರವಿಡೀ ಗ್ರಂಥಾಲಯದಲ್ಲಿ ಕೂತು, ಅದು ಹೀಬ್ರೂ ಅಕ್ಷರ, ಷರಟು ಇಸ್ರೇಲ್ ಸೇನೆಯದು ಎಂದು ಪತ್ತೆ ಮಾಡಿದರು.

ಅಲ್ಲಿಂದ ಶುರುವಾದದ್ದು ಈಗ ಒಂದು ಕಬ್ಬಿಣದ ಬೀರುವಿನ ತುಂಬ ಇದೆ. ಆ ಸೇನೆಯದೇ ಹನ್ನೊಂದು ಜೊತೆ ಸಮವಸ್ತ್ರ. ಎಲ್ಲವೂ ಅಸಲಿ, ಒಂದೂ ನಕಲಿ ಇಲ್ಲ. ಕೂಡಿಡುವುದು ಅರ್ಧ ಕೆಲಸವಂತೆ, ಸರಿಯಾಗಿ ತೊಡುವುದು ಉಳಿದರ್ಧ. ಪ್ಯಾರಾಶೂಟ್ ಪಡೆಯವರ ಅಂಗಿ ಪ್ಯಾಂಟಿನ ಹೊರಗೆ ಇರಬೇಕು, ಅದರ ಮೇಲೆ ಬೆಲ್ಟು. ಬೂಟು ಕೆಂಗಂದು, ಕಪ್ಪು ನಡೆಯದು. ಪ್ಯಾಂಟಿನ ತುದಿಯನ್ನು ರಬ್ಬರ್ ಬ್ಯಾಂಡಿನಿಂದ ಒಳಕ್ಕೆ ಮಡಿಸಿ ಬೂಟಿನ ಮೇಲೆ ಬುಗ್ಗೆಯ ಹಾಗೆ ಉಬ್ಬಿಸಿ ನಿಲ್ಲಿಸಬೇಕು. ಕೆಂಪು ಬೆರೆಟ್ ಟೋಪಿ ತಲೆಯ ಮೇಲಿಲ್ಲದಾಗ ಅದನ್ನು ಮಡಿಸಿ, ಟೋಪಿಯ ಲೋಹದ ಬಿಲ್ಲೆ ಮುಂದೆ ಕಾಣುವಂತೆ, ಎಡ ಭುಜದ ಪಟ್ಟಿಯ ಕೆಳಗೆ ಸಿಕ್ಕಿಸಬೇಕು. "ಜನರಿಗೆ ಟೋಪಿ ಹಾಕೋರನ್ನ ನೋಡಿದೀನಿ, ಭುಜಕ್ಕೆ ಟೋಪಿ ಹಾಕೋರನ್ನ ಇವತ್ತೇ ನೋಡಿದ್ದು" ಎಂದು ಮೊದಲ ಸಲ ಕಂಡಾಗ ನಗಾಡಿದ್ದೆ. ಇವರು ನಗಲಿಲ್ಲ. "ಪಟ್ಟಿ ತಿರುಚಿಕೊಂಡಿದ್ಯಾ, ಸ್ವಲ್ಪ ನೋಡು" ಎಂದರು.

ಆ ದೇಶದ್ದೇ ಯಾಕೆ ಎಂದು ಕೇಳಿದವರಿದ್ದಾರೆ, ಮುಖ ತಿರುಗಿಸಿದವರೂ ಇದ್ದಾರೆ. ಅವರನ್ನು ನಾನು ಬೈಯಲಾರೆ. ಟಿವಿಯಲ್ಲಿ ಅಲ್ಲಿನ ಯುದ್ಧದ ಸುದ್ದಿ, ಸತ್ತ ಮಕ್ಕಳ ಸುದ್ದಿ ಬಂದ ದಿನಗಳಲ್ಲಿ ಇವರು ಬೀರುವಿನ ಬಾಗಿಲು ತೆರೆಯುತ್ತಿರಲಿಲ್ಲ. "ಬಟ್ಟೆ ಏನೂ ತಪ್ಪು ಮಾಡಿಲ್ಲ, ಆದ್ರೂ ಇವತ್ತು ಬೇಡ" ಎನ್ನುತ್ತಿದ್ದರು. ಯಾವ ಸಮವಸ್ತ್ರವನ್ನೂ ಬೀದಿಯಲ್ಲಿ ತೊಟ್ಟವರಲ್ಲ. ತೊಡುವುದು ವರ್ಷಕ್ಕೊಮ್ಮೆ, ಸಂಗ್ರಾಹಕರ ಕೂಟ ಸೇರುವ ಶಾಲೆಯ ಸಭಾಂಗಣದಲ್ಲಿ ಮಾತ್ರ. ಅಲ್ಲಿಗೆ ಹಳೇ ಅಂಚೆಯವರ ಕೋಟು, ರೈಲ್ವೆ ಗಾರ್ಡಿನ ಉಡುಪು, ದಾದಿಯರ ಟೋಪಿ ಕೂಡಿಟ್ಟವರೆಲ್ಲ ಬರುತ್ತಾರೆ. ಪ್ರತಿಯೊಬ್ಬರೂ ಒಂದು ಅಸಲಿ ಫೋಟೋ ತರಬೇಕು, ಅದರಲ್ಲಿರುವ ಹಾಗೇ ತೊಟ್ಟು ನಿಲ್ಲಬೇಕು. ಅಂಗಿ, ಪ್ಯಾಂಟು, ಬೂಟು ಪರದೆಯ ಹಿಂದೆ. ಬೆಲ್ಟು, ಟೋಪಿ, ಪದಕ ಎಲ್ಲರೆದುರಿಗೆ, ಯಾರ ಸಹಾಯವೂ ಇಲ್ಲದೆ. ತೀರ್ಪು ಕೊಡುವವರು ಗಡಿಯಾರ ರಿಪೇರಿ ಮಾಡಿ ನಿವೃತ್ತರಾದ ಒಬ್ಬ ಮುದುಕರು. ಕೈಯಲ್ಲಿ ಸದಾ ಭೂತಗನ್ನಡಿ ಇರುವುದರಿಂದ ಅವರಿಗೆ ಅದೇ ಹೆಸರು. ಅವರಿಂದ ನೂರಕ್ಕೆ ನೂರು ಪಡೆದವರು ಇನ್ನೂ ಹುಟ್ಟಿಲ್ಲ.

ಕಳೆದ ವರ್ಷದ ಕೂಟ ಮುಗಿದು ನಾಲ್ಕು ತಿಂಗಳಿಗೆ ನಮ್ಮವರಿಗೆ ಲಕ್ವ ಹೊಡೆಯಿತು. ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಜಾರಿತು, ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ಕುಸಿದರು. ಜೀವ ಉಳಿಯಿತು. ಕಾಲು ಎರಡು ತಿಂಗಳಲ್ಲಿ ತಕ್ಕಮಟ್ಟಿಗೆ ಬಂತು. ಬಲಗೈ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬಿತ್ತು, ಮಾತು ಒಂದೆರಡು ಪದಕ್ಕೆ ನಿಂತುಬಿಟ್ಟಿತು. "ಕೈಗೆ ಈಗಲೇ ಕೆಲಸ ಕೊಡ್ಬೇಕು. ಮೊದಲ ವರ್ಷ ಎಷ್ಟು ಬರುತ್ತೋ ಅಷ್ಟು, ಆಮೇಲೆ ಕಷ್ಟ" ಎಂದರು ಡಾಕ್ಟರು.

ಫಿಸಿಯೋ ಹುಡುಗಿ ದಿನವೂ ಬಂದು ಬಟ್ಟೆ ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸುವ ಕೆಲಸ ಕೊಡುತ್ತಿದ್ದಳು. ಒಂದು ಕ್ಲಿಪ್ಪು ಕೈಯಿಂದ ಬಿದ್ದರೂ "ಸೂಪರ್ ಅಂಕಲ್!" ಎನ್ನುವಳು. ನೋಡಲು ಬಂದ ನೆಂಟರು ಚಮಚ ಬಾಯಿಗೆ ಹೋದರೆ ಭೇಷ್ ಎನ್ನುವರು, ಅನ್ನ ಮಡಿಲಿಗೆ ಚೆಲ್ಲಿದರೂ ಭೇಷ್ ಎನ್ನುವರು. ನಾನೂ ಅಷ್ಟೇ. ಬಾಯಿಬಡುಕಿಯಾದ ನಾನು ಇವರ ಮುಂದೆ ಬೆಣ್ಣೆಯಂತೆ ಮಾತಾಡುತ್ತಿದ್ದೆ. ಇವರು ಮಾತ್ರ ಕ್ಲಿಪ್ಪಿನ ಬುಟ್ಟಿಯನ್ನು ಎಡಗೈಯಿಂದ ಅತ್ತ ನೂಕಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಮನೆಯೊಳಗೇ ಇರುವ ಗಂಡ ಎಲ್ಲಿಗೋ ಹೊರಟುಹೋಗಿದ್ದಾರೆ ಎಂದು ನನಗೆ ಭಯವಾಗುತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಬೀರುವಿನ ಮುಂದೆ ಹೋಗಿ ನಿಂತರು. ಬಾಗಿಲು ತೆಗೆದುಕೊಟ್ಟೆ. ಕೆಂಪು ಟೋಪಿಯ ಜೊತೆಯಲ್ಲಿದ್ದ ಅಂಗಿಯನ್ನು ತೋರಿಸಿದರು, ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ಕೂಟದ ಭಾನುವಾರದ ಮೇಲೆ ಬೆರಳಿಟ್ಟರು. ಎದೆ ಮುಟ್ಟಿಕೊಂಡು "ನಾನು" ಎಂದರು. ಇನ್ನೂ ನಾಲ್ಕು ತಿಂಗಳಿತ್ತು.

ಅಂಗಿಗೆ ಏಳು ಗುಂಡಿ. ಒಂದನ್ನೂ ಹಾಕಲಾಗದ ಕೈ. ಎಲ್ಲರೆದುರು ಸೋತು ಬಂದರೆ ಮತ್ತೆ ಆ ಕಿಟಕಿಯ ಪಕ್ಕದಿಂದ ಏಳುವುದಿಲ್ಲ ಎಂದು ನನ್ನ ಮನಸ್ಸು ಹೇಳಿತು. ಸರಿ, ದರ್ಜಿಯ ಬುದ್ಧಿ ಓಡಿಸಿದೆ. ಇವರು ಮಲಗಿದ್ದ ಮಧ್ಯಾಹ್ನ ಏಳೂ ಗುಂಡಿಯ ಹಳೇ ದಾರ ಕತ್ತರಿಸಿ ತೆಗೆದೆ, ಗುಂಡಿ ತೂರುವ ಕಾಜಗಳನ್ನು ಹೊಲಿದು ಮುಚ್ಚಿದೆ, ಒಳಗಡೆ ಪ್ರೆಸ್ ಬಟನ್ ಇಟ್ಟೆ, ಮುಚ್ಚಿದ ಕಾಜದ ಮೇಲೆ ಅದೇ ಗುಂಡಿಗಳನ್ನು ಕೂರಿಸಿದೆ. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗಬಾರದು. ಒತ್ತಿದರೆ ಟಿಕ್, ಎಡಗೈಯೊಂದೇ ಸಾಕು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬ್ರಹ್ಮನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಇವರಿಗೆ ಅರೆ ನಿಮಿಷ ಸಾಕಾಯಿತು. ಅಂಗಿ ಮಡಿಲಲ್ಲಿಟ್ಟುಕೊಂಡು ಮೊದಲ ಗುಂಡಿ ಮುಟ್ಟಿದರು, ಎರಡನೆಯದು ಮುಟ್ಟಿದರು. ಮುಖ ಕೆಂಪಾಯಿತು. ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು.

"ಯಾರು... ಯಾರು ಮುಟ್ಟಿದ್ದು? ಐವತ್ತು ವರ್ಷದ... ದಾರ! ಹಾಳು ಮಾಡ್ದೆ!"

ನಾಲ್ಕು ತಿಂಗಳಲ್ಲಿ ಇವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು, ಅದೂ ನನಗೆ ಬೈಗುಳ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕತೆ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

"ಇನ್ನೂ ಬೈರಿ, ಬೈರಿ!" ಎಂದೆ. "ನಾನು ಮಾಡಿದ್ದು ಅನ್ಯಾಯ. ಇನ್ನೊಂದು ನಾಲ್ಕು ಮಾತು ಬೈದ್ಬಿಡಿ."

"ತೆಗಿ" ಎಂದರು. "ಎಲ್ಲಾ ತೆಗಿ. ನಾನೇ... ಹಾಕ್ತೀನಿ."

ಎಲ್ಲವನ್ನೂ ಬಿಚ್ಚಿದೆ. ಕಾಜಗಳ ಅಂಚು ಹರಿಯದ ಹಾಗೆ ಒಂದೊಂದೇ ಹೊಲಿಗೆ ಕಿತ್ತು, ಹೊಂದುವ ದಾರ ಹುಡುಕಿ ಗುಂಡಿಗಳನ್ನು ಮೊದಲಿದ್ದ ಜಾಗಕ್ಕೇ ಹೊಲಿದೆ. ಹಳೇ ದಾರ ಮಾತ್ರ ಕಸದ ಜೊತೆ ಹೋಗಿತ್ತು. ಅದಕ್ಕೆ ಮದ್ದಿಲ್ಲ.

ಮರುದಿನದಿಂದ ಕ್ಲಿಪ್ಪಿನ ಬುಟ್ಟಿ ಮೂಲೆ ಸೇರಿತು. ತಿಂಡಿಯಾದ ಕೂಡಲೇ ಅಂಗಿ ತೊಟ್ಟು ಕನ್ನಡಿಯ ಮುಂದೆ ಕೂರುವರು. ಮೊದಲ ಗುಂಡಿ ಕಾಜದೊಳಗೆ ಹೋಗಲು ಹನ್ನೆರಡು ದಿನ ಬೇಕಾಯಿತು. ಹೋದ ದಿನ ಫಿಸಿಯೋ ಹುಡುಗಿ ಚಪ್ಪಾಳೆ ತಟ್ಟಿದಳು, ಇವರು ಅವಳಿಗೆ ಬೆನ್ನು ತಿರುಗಿಸಿ ಎರಡನೆಯ ಗುಂಡಿ ಹಿಡಿದರು. ನಾನು ಮೆಷಿನ್ ತುಳಿಯುತ್ತಾ ಕಿವಿಯನ್ನು ಒಳಗೇ ಇಟ್ಟಿರುತ್ತಿದ್ದೆ. ಉಸಿರು ಬಿಗಿಹಿಡಿಯುವುದು, ಗೊಣಗುವುದು, ಒಮ್ಮೊಮ್ಮೆ ಕುರ್ಚಿಗೆ ಗುದ್ದುವುದು ಎಲ್ಲ ಕೇಳಿಸುತ್ತಿತ್ತು. ಎದ್ದು ಹೋಗಿ ಒಂದೇ ನಿಮಿಷದಲ್ಲಿ ಹಾಕಿಕೊಟ್ಟುಬಿಡೋಣ ಎಂದು ಕೈ ತುರಿಸುತ್ತಿತ್ತು. ತಾಳಿದವನು ಬಾಳಿಯಾನು ಎನ್ನುವುದನ್ನು ಹೇಳಿದವರು ಯಾರೋ, ಅವರಿಗೆ ನನ್ನಂಥ ಕೈಗಳಿರಲಿಲ್ಲ.

ಅಂಗಿ ಹಿಡಿದ ಮೂರನೆಯ ತಿಂಗಳ ಕೊನೆಗೆ ಏಳೂ ಗುಂಡಿ ಬಂದವು, ಬೆಲ್ಟೂ ಬಂತು. ಟೋಪಿಯೊಂದು ಬರಲಿಲ್ಲ. ಎಡ ಭುಜದ ಪಟ್ಟಿಯ ಕೆಳಗೆ ಟೋಪಿ ತೂರಿಸುವಷ್ಟು ಎಡಗೈ ಮಡಿಯುವುದಿಲ್ಲ, ಬಲಗೈಯೇ ಎದೆಯನ್ನು ದಾಟಿ ಮೇಲೆ ಹೋಗಬೇಕು. ಇವರ ಬಲಗೈ ಎದೆಯ ಜೇಬಿನವರೆಗೆ ಹೋಗಿ ಅಲ್ಲಿಂದ ಕೆಳಗೆ ಬೀಳುತ್ತಿತ್ತು.

"ಟೋಪಿ ಮೊದಲೇ ಸಿಕ್ಕಿಸಿ ಆಮೇಲೆ ಅಂಗಿ ತೊಟ್ರೆ ಆಗಲ್ವಾ?" ಎಂದೆ.

"ತಪ್ಪು" ಎಂದರು. ಅಷ್ಟೇ.

ಕೂಟದ ಹಿಂದಿನ ದಿನದವರೆಗೂ ಆ ಕೈ ಭುಜ ಮುಟ್ಟಲಿಲ್ಲ.

ಭಾನುವಾರ ಮಗಳು ಕಾರಿನಲ್ಲಿ ಕರೆದೊಯ್ದಳು. ಸಭಾಂಗಣದಲ್ಲಿ ನಲವತ್ತು ಜನ, ಸಾಲಾಗಿ ಮೇಜು. ಪರದೆಯ ಹಿಂದಿನಿಂದ ಇವರು ಹೊರಬರಲು ಮುಕ್ಕಾಲು ಗಂಟೆ ಹಿಡಿಯಿತು. ಏಳೂ ಗುಂಡಿ ಸರಿಯಾಗಿದ್ದವು, ಬೂಟಿನ ಮೇಲೆ ಬುಗ್ಗೆ ನಿಂತಿತ್ತು. ಎಲ್ಲರೆದುರು ಬೆಲ್ಟು ಬಿಗಿದರು. ಆಮೇಲೆ ಟೋಪಿಯನ್ನು ತೊಡೆಗೆ ಒತ್ತಿ ಮಡಿಸಿ ಬಲಗೈಗೆ ತೆಗೆದುಕೊಂಡರು.

ಕೈ ಜೇಬಿನವರೆಗೆ ಹೋಗಿ ಬಿತ್ತು. ಟೋಪಿಯೂ ಬಿತ್ತು. ಬಗ್ಗಿ ಎತ್ತಿಕೊಂಡರು. ಎರಡನೆಯ ಸಲ ಕಾಲರಿನವರೆಗೆ ಹೋಯಿತು, ಅಲ್ಲೇ ನಡುಗುತ್ತಾ ನಿಂತು ಬಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಮಗಳು ನನ್ನ ಸೆರಗು ಹಿಡಿದು "ಅಮ್ಮ, ಕೂತ್ಕೋ" ಎಂದಳು. ಮೂರನೆಯ ಸಲ ಇವರು ಬಲ ಮೊಣಕೈಯನ್ನು ಎಡ ಅಂಗೈಯಿಂದ ಕೆಳಗಿನಿಂದ ಒತ್ತಿ ಮೇಲಕ್ಕೆತ್ತಿದರು. ಬೆರಳು ಪಟ್ಟಿ ಮುಟ್ಟಿತು. ಹುಡುಕಿತು. ಟೋಪಿಯ ತುದಿ ಪಟ್ಟಿಯ ಕೆಳಗೆ ನುಸುಳಿತು. ಮೊಣಕೈ ಬಿಟ್ಟರು, ಟೋಪಿ ಅಲ್ಲೇ ನಿಂತಿತು.

ಸಭಾಂಗಣದ ತುಂಬ ಚಪ್ಪಾಳೆ. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಮೂಗು ಒರೆಸಿಕೊಳ್ಳುವುದೇ ಆಯಿತು.

ಚಪ್ಪಾಳೆ ತಟ್ಟದವರು ಒಬ್ಬರೇ, ಭೂತಗನ್ನಡಿ. ಎಲ್ಲ ಮುಗಿಯುವವರೆಗೆ ಕಾದು ಹತ್ತಿರ ಬಂದರು. ಗುಂಡಿಗಳ ಮೇಲೆ ಗಾಜು ಹಿಡಿದು "ದಾರ ಹೊಸದು. ಒಂದು ಅಂಕ ಹೋಯ್ತು" ಎಂದರು. ನನ್ನ ತಪ್ಪು ಅದು, ಬಾಯಿ ಮುಚ್ಚಿಕೊಂಡೆ. ಆಮೇಲೆ ಭುಜದ ಹತ್ತಿರ ಬಗ್ಗಿದರು, ಫೋಟೋ ನೋಡಿದರು, ಮತ್ತೆ ಭುಜ ನೋಡಿದರು.

"ಬಿಲ್ಲೆ ಹಿಂದಕ್ಕೆ ತಿರುಗಿದೆ. ಮುಂದೆ ಕಾಣ್ಬೇಕಿತ್ತು. ಎರಡು ಅಂಕ."

ಮಗಳ ಕೈಯಿಂದ ಸೆರಗು ಬಿಡಿಸಿಕೊಂಡು ಮೇಜಿನ ಮುಂದೆ ಹೋಗಿ ನಿಂತೆ. "ರೀ ಸ್ವಾಮಿ, ನಿಮಗೆ ಕಣ್ಣಲ್ಲಿ ರಕ್ತ ಇಲ್ವಾ? ಎಂಟು ತಿಂಗಳು ಈ ಕೈ ಸತ್ತು ಬಿದ್ದಿತ್ತು. ನಿಮ್ಮ ಮನೇಲಿ ಯಾರಿಗಾದ್ರೂ ಹಿಂಗಾಗಿದ್ರೆ ಗೊತ್ತಾಗ್ತಿತ್ತು, ಎರಡು ಅಂಕ ಅಂತೆ, ಎರಡು..."

"ಗೊತ್ತಮ್ಮ" ಎಂದರು ಮುದುಕರು ತಣ್ಣಗೆ. "ಆದ್ರೂ ಬಿಲ್ಲೆ ಹಿಂದಕ್ಕಿದೆ."

ನಾನು ಇನ್ನೂ ಬೈಯುವವಳಿದ್ದೆ. ಆಗ ಇವರ ಮುಖ ನೋಡಿದೆ. ನಗುತ್ತಿದ್ದರು. ಬಾಯಿಯ ಒಂದು ಕಡೆ ಇನ್ನೂ ಸೊಟ್ಟಗಿದೆ, ಆ ಸೊಟ್ಟ ಬಾಯಿಯಲ್ಲೇ ಹಲ್ಲು ಕಾಣುವಷ್ಟು ನಗು. ಎಂಟು ತಿಂಗಳಲ್ಲಿ ಇವರನ್ನು ಹೊಗಳದವರಿರಲಿಲ್ಲ. ನಿಮ್ಮದು ತಪ್ಪು ಎಂದು ಹೇಳುವ ಮರ್ಯಾದೆಯನ್ನು ಕೊಟ್ಟವರು ಯಾರೂ ಇರಲಿಲ್ಲ, ಕಟ್ಟಿಕೊಂಡ ನಾನೂ ಸೇರಿದಂತೆ.

"ಸುಮ್ನಿರೇ" ಎಂದರು ನನಗೆ. ಭೂತಗನ್ನಡಿಯ ಕಡೆ ತಿರುಗಿ, ಒಂದೊಂದೇ ಪದ ಜೋಡಿಸಿ, "ಸರಿಯಾಗೇ ಹೇಳಿದ್ರಿ. ತಪ್ಪಾಗಿದೆ" ಎಂದರು.

ಎಡಗೈಯನ್ನು ಮತ್ತೆ ಮೊಣಕೈಯ ಕೆಳಗೆ ಇಟ್ಟು, ಬಲಗೈ ಮೇಲೆತ್ತಿ, ಅಷ್ಟು ಕಷ್ಟದಿಂದ ಸಿಕ್ಕಿಸಿದ್ದ ಟೋಪಿಯನ್ನು ಪಟ್ಟಿಯಿಂದ ಎಳೆದು ತೆಗೆದರು. ಅಂಕ ಬರೆದಾಗಿತ್ತು, ಅದು ಬದಲಾಗುವುದಿಲ್ಲವೆಂದು ಇವರಿಗೂ ಗೊತ್ತು. ಟೋಪಿಯನ್ನು ಬಿಚ್ಚಿ, ಬಿಲ್ಲೆ ಯಾವ ಕಡೆಗಿದೆ ಎಂದು ನೋಡಿ, ಮತ್ತೆ ತೊಡೆಗೆ ಒತ್ತಿ ಮಡಿಸತೊಡಗಿದರು. ಭೂತಗನ್ನಡಿಯವರು ಮುಂದಿನ ಮೇಜಿಗೆ ಹೋಗಲಿಲ್ಲ, ಕೈಕಟ್ಟಿ ಅಲ್ಲೇ ನಿಂತರು. ನಾನು ಒಂದು ಕುರ್ಚಿ ಎಳೆದುಕೊಂಡು ಕೂತೆ, ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು.