ಅಟ್ಟದ ಕೆಳಗಿನ ಗಾಳಿ

ಮೊಣಕಾಲಿಗಿಂತ ತುಸು ಎತ್ತರಕ್ಕೆ ಹಲಗೆ ಹೊಡೆಸಿ, ಆಡುಗಳಿಗೆ ಅಟ್ಟ ಮಾಡಿಸಿದವಳು ನನ್ನ ಸೊಸೆ ದುರ್ಗಾದೇವಿ. ಹಲಗೆಗಳ ಸಂದಿಯಿಂದ ಹಿಕ್ಕೆ, ಉಚ್ಚೆ ಕೆಳಗೆ ಬೀಳುತ್ತವೆ. ಆಡುಗಳು ಒಣಗಿದ ಜಾಗದಲ್ಲಿ ಮಲಗುತ್ತವೆ. ಮಳೆಗಾಲದಲ್ಲಿ ಬೇವೂರಿನ ಎಷ್ಟೋ ಜನ ಬಂದು ನೋಡಿ ಹೋಗಿದ್ದರು. ಚಳಿ ಬಿದ್ದ ಮೇಲೆ ಅದೇ ಸಂದಿಗಳಿಂದ ಗಾಳಿ ಮೇಲೇಳತೊಡಗಿತು. ಹುಟ್ಟಿದ ನಾಲ್ಕು ಮರಿಗಳಲ್ಲಿ ಎರಡು ಸೆಟೆದು ಸತ್ತವು. ಉಳಿದೆರಡನ್ನು ಒಲೆಯ ಹತ್ತಿರ ಮಲಗಿಸಿ ನೋಡಿದೆವು. ಹೊಗೆಯ ವಾಸನೆ ಹತ್ತಿದ ಮರಿಗಳನ್ನು ತಾಯಿ ಒದ್ದು ದೂಡಿತು; ಅವನ್ನು ಮತ್ತೆ ಅಟ್ಟದಲ್ಲೇ ಇಡಬೇಕಾಯಿತು.

"ಇವೆರಡೂ ಹ್ವಾದ್ರ ಆಡು ಎಲ್ಲಾ ಸಂತ್ಯಾಗ ಕೊಟ್ಟು ಬರ್ತೀನಿ. ಅಟ್ಟಾನೂ ಕಿತ್ತು ಒಲಿಗೆ ಹಾಕ್ತೀನಿ" ಎಂದ ನನ್ನ ಮಗ ಕನಕಪ್ಪ.

ದುರ್ಗಾದೇವಿ ಗೋಣಿಚೀಲ ಬಿಚ್ಚತೊಡಗಿದಳು.

ಅಟ್ಟದ ಕೆಳಗೆ ಸುತ್ತಲೂ ಸಜ್ಜೆಯ ದಂಟು ನಿಲ್ಲಿಸಿ ಕಟ್ಟಿದೆವು. ಅದರ ಮೇಲೆ ಗೋಣಿಚೀಲ ಹೊಲಿದು, ಸಂದಿಗೆ ಸಗಣಿ ಮೆತ್ತಿದೆವು. ನೆರೆಮನೆಯ ಹಜರತಬೀ ತನ್ನ ತಾಡಪತ್ರಿ ಹೊತ್ತು ತಂದು ಸುತ್ತಲೂ ಹೊದಿಸಿದಳು.

"ಅಕ್ಕಾ, ನಿನ್ನ ಮದಿವ್ಯಾಗೂ ಇಷ್ಟು ಚೆಂದ ಹಂದರ ಹಾಕಿದ್ದಿಲ್ಲ ಬಿಡು."

"ಅವತ್ತ ಇಷ್ಟು ಥಂಡಿ ಎಲ್ಲಿತ್ತವಾ!" ಎಂದೆ ನಾನು.

ಸಂಜೆಗೆ ಒಂದು ಬೆರಳು ತೂರುವ ಜಾಗವೂ ಉಳಿಯಲಿಲ್ಲ. ಹಲಗೆಯ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಮರಿ ಸತ್ತಾಗಿನಿಂದ ಸರಿಯಾಗಿ ಉಣ್ಣದಿದ್ದ ಸೊಸೆ ಅಂದು ರೊಟ್ಟಿ ತಿಂದಳು.

ಬೆಳಗ್ಗೆ ಎರಡೂ ಮರಿ ಕೆಮ್ಮುತ್ತಿದ್ದವು. ಬಿಳಿಮರಿ ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಕನಕಪ್ಪ ಔಷಧ ತರಲು ಯಲಬುರ್ಗಾ ಬಸ್ಸಿಗೆ ಓಡಿದ. ನಾನು ಬಗ್ಗಿ ಹಲಗೆಗೆ ಮೂಗು ಹಚ್ಚಿದೆ. ಘಾಟು ನೆತ್ತಿಗೇರಿತು.

ಆಗ ತಿಳಿಯಿತು. ಆಡುಗಳು ನೆಲದ ಮೇಲೆ ಮಲಗುತ್ತಿದ್ದಾಗ ದಿನವೂ ಗುಡಿಸುತ್ತಿದ್ದೆವು. ಅಟ್ಟ ಬಂದ ಮೇಲೆ ಬಿದ್ದದ್ದೆಲ್ಲ ಕೆಳಗೇ ಕೊಳೆಯಿತು. ಆ ಘಾಟನ್ನು ಇಷ್ಟು ದಿನ ಗಾಳಿ ಒಯ್ಯುತ್ತಿತ್ತು. ನಾವು ಗಾಳಿಯನ್ನೇ ನಿಲ್ಲಿಸಿದ್ದೆವು.

"ಎಲ್ಲಾ ಕಿತ್ತು ಒಗಿತೀನ್ರಿ ಅತ್ತಿ!" ದುರ್ಗಾದೇವಿ ತಾಡಪತ್ರಿಗೆ ಕೈ ಹಾಕಿದಳು.

"ಕಿತ್ತರ ಥಂಡಿಗೆ ಸಾಯ್ತಾವು. ಗಾಳಿ ಬಡಿಯಲಾರದ ಕಡಿ ಒಂದು ಮೂಲಿ ಅಷ್ಟ ಬಿಚ್ಚು. ನಾ ಒಳಗ ಹೋಗಿ ಬಳೀತೀನಿ."

"ನಿಮಗ ಉಸಿರು ಕಟ್ಟಿದ್ರ?"

"ನೀ ಹೋದ್ರ ನಡುವ ಸಿಕ್ಕೊಂತಿ. ಆಮ್ಯಾಲ ನಿನ್ನ ಎಳಿಯಾಕ ಎತ್ತು ಹೂಡಬೇಕು. ಪುಟ್ಟಿ ಕೊಡು."

ಸೆರಗನ್ನು ಮೂಗಿಗೆ ಕಟ್ಟಿಕೊಂಡು ತೆವಳಿದೆ. ಹಿಕ್ಕೆ ಕೆಸರಾಗಿತ್ತು, ಬಿಸಿಯಾಗಿತ್ತು. ಕೈಯಿಂದಲೇ ಬಾಚಿ ಪುಟ್ಟಿ ತುಂಬಿದೆ. ಅವಳು ಪುಟ್ಟಿಗೆ ಕಟ್ಟಿದ್ದ ಹಗ್ಗ ಜಗ್ಗಿ ಹೊರಗೆ ಸುರಿದಳು. ಪ್ರತಿ ಸಲವೂ ಬಿಚ್ಚಿದ ಮೂಲೆಗೆ ಮುಖ ತಂದು ಉಸಿರು ತೆಗೆದುಕೊಂಡು ಮತ್ತೆ ಒಳಗೆ ಹೋಗುತ್ತಿದ್ದೆ. ಕಣ್ಣು ಉರಿದು ಏನೂ ಕಾಣದಾಯಿತು. ಇನ್ನೂ ಅರ್ಧ ಉಳಿದಿತ್ತು.

"ಅತ್ತಿ, ಸಾಕು, ಹೊರಗ ಬರ್ರಿ!"

"ಬಿಳಿದು ಏನ ಮಾಡಾಕತ್ತೈತಿ?"

"ಇನ್ನೂ ಕೆಮ್ಮಾಕತ್ತೈತ್ರಿ." ಅವಳು ಅಳುತ್ತಿದ್ದಳು.

"ಕೆಮ್ಮಲಿ, ಜೀವ ಐತಿ ಅಂತ ತಿಳಿ. ಕೆಮ್ಮೂದು ನಿಂತ್ರ ಹೇಳು, ಆಗ ಬರ್ತೀನಿ" ಎಂದೆ.

ಸೊಸೆ ದೂಡಿದ ಖಾಲಿ ಪುಟ್ಟಿ ಒಳಗೆ ಬಂತು.