ಆರು ಸಾವಿರ ಪ್ರಾಣಿಗಳ ಒಂದೇ ಹುಟ್ಟಿದ ದಿನ

"ನೀನು ಬರೆದಿದ್ದನ್ನ ಇನ್ಯಾವತ್ತೂ ನಾನು ಅಳಿಸಲ್ಲಮ್ಮ" ಎಂದು ಪುಟ್ಟಿ ಮೂಗೊರೆಸಿಕೊಳ್ಳುತ್ತ ಮಾತು ಕೊಟ್ಟಾಗ ಅವಳಿಗೆ ಎಂಟು ವರ್ಷ. ಅಮ್ಮನಿಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ದಾಖಲೆ ಬರೆಯುವ ಕೆಲಸ. ಶಾಲೆ ಬಿಟ್ಟ ಮೇಲೆ ಮಗಳ ಠಿಕಾಣಿ ಅಮ್ಮನ ಮೇಜಿನ ಕೆಳಗೆ. ಅಮ್ಮ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ ಅಕ್ಷರಗಳು ಕಾಗೆ ಕಾಲು ಗುಬ್ಬಿ ಕಾಲಾಗಿ ಕಂಡದ್ದರಿಂದ, ಅವನ್ನೆಲ್ಲ ಗುಂಡಗೆ ತಿದ್ದಿ ಬರೆದು ಉಪಕಾರ ಮಾಡೋಣವೆಂದು ಅವಳು ಒಂದು ವಾರದ ಪುಟಗಳನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದಳು. ಅಳಿಸಿ ಮುಗಿಸುವಷ್ಟರಲ್ಲಿ ಕೈ ಸೋತು ಅಲ್ಲೇ ನಿದ್ದೆ ಹೋಗಿದ್ದಳು. ಯಾವ ಮೇಕೆಗೆ ಎಷ್ಟನೇ ಚುಚ್ಚುಮದ್ದು, ಯಾವ ನಾಯಿಯ ಹೊಲಿಗೆ ಯಾವತ್ತು ಬಿಚ್ಚಬೇಕು ಎಂದು ಅಮ್ಮ ಮೂರು ದಿನ ಮನೆ ಮನೆಯ ಬಾಗಿಲು ತಟ್ಟಿ ಕೇಳಿಕೊಂಡು ಬಂದಳು. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಅದರಿಂದಲೇ ಹೆಚ್ಚು ಹೆದರಿದ ಪುಟ್ಟಿ, ಯಾರೂ ಕೇಳದಿದ್ದರೂ ಮಾತು ಕೊಟ್ಟಳು.

ಈಗ ಪುಟ್ಟಿಗೆ ಮೂವತ್ತಾರು. ಇಬ್ಬರು ಮಕ್ಕಳ ತಾಯಿ. ಬೆಳಿಗ್ಗೆ ಎದ್ದರೆ ಒಬ್ಬನ ಶೂ, ಇನ್ನೊಬ್ಬಳ ಕಾಲುಚೀಲ ಹುಡುಕುವುದರಲ್ಲಿ ಅರ್ಧ ಜೀವ ಸವೆದು, ಉಳಿದರ್ಧವನ್ನು ಕಚೇರಿಗೆ ಒಯ್ಯುತ್ತಾಳೆ. ಊರಿನ ಆರು ಪ್ರಾಣಿ ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಯಲ್ಲಿ ಅವಳ ಕೆಲಸ. ಅಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಮೂರನೇ ಆಸ್ಪತ್ರೆಯಲ್ಲಿ ಇಂದಿಗೂ ಅದೇ ಮೇಜಿನ ಹಿಂದೆ ಕೂತಿರುವ ಅಮ್ಮ ಕಚೇರಿಗೆ ಫೋನು ಮಾಡಿದಾಗಲೆಲ್ಲ "ನಮ್ಮ ಪುಟ್ಟಿ ಇದಾಳಾ?" ಎಂದು ಕೇಳಿ ಕೇಳಿ, ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಪುಟ್ಟಿ ಮೇಡಂ ಆಗಿದ್ದಳು.

ಅವಳು ಕಟ್ಟುತ್ತಿದ್ದದ್ದು ಡೇಟಾ ವೇರ್‌ಹೌಸು. ಒಂದು ಭಾನುವಾರ ಒಗೆದ ಬಟ್ಟೆ ಮಡಚುತ್ತ ಅಮ್ಮ ಕೇಳಿದ್ದಳು.

"ಒಂದು ವರ್ಷದಿಂದ ಅದೇನೇ ಕಟ್ತಾ ಇದೀಯ? ಒಂದು ಇಟ್ಟಿಗೆನೂ ಕಣ್ಣಿಗೆ ಬೀಳಲಿಲ್ವಲ್ಲ."

"ಮಾಹಿತಿಯ ಉಗ್ರಾಣ ಅಮ್ಮ. ಆರೂ ಆಸ್ಪತ್ರೆಯಲ್ಲಿ ಆರು ಥರದ ಕಂಪ್ಯೂಟರು, ಆರು ಥರದ ದಾಖಲೆ. ಎಲ್ಲಾ ಒಂದು ಕಡೆ ಸೇರಿಸಿದ್ರೆ, ಮುಂದಿನ ವರ್ಷ ಎಷ್ಟು ಮರಿಗೆ ಲಸಿಕೆ ಬೇಕು ಅಂತ ಒಂದೇ ಸಲಕ್ಕೆ ಹೇಳಬಹುದು."

"ಸುರಿದು ಗುಡ್ಡೆ ಹಾಕೋದು ತಾನೇ? ಅದಕ್ಕೆ ಒಂದು ವರ್ಷನಾ?"

"ಗುಡ್ಡೆ ಹಾಕಿದ್ರೆ ಹುಡುಕೋರು ಯಾರು? ನಿನ್ನ ಆಸ್ಪತ್ರೆ ಥರಾನೇ ಅಂದ್ಕೋ. ಬಂದ ಪ್ರಾಣಿನ ಮೊದಲು ಹೊರಗಿನ ಬೆಂಚಿನ ಹತ್ರ ಕೂರಿಸ್ತೀರ. ಕೆಸರಿದ್ರೆ ಕೆಸರು, ಗಾಯ ಇದ್ರೆ ಗಾಯ, ಹೇಗೆ ಬಂತೋ ಹಾಗೇ. ನನ್ನಲ್ಲೂ ಮೊದಲನೇ ಕೋಣೆ ಹಾಗೇನೇ, ಬಂದದ್ದನ್ನ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ತೊಳೆಯೋ ಕೋಣೆ. ಒಬ್ಬರು ಕಿಲೋ ಅಂತ ಬರೆದಿರ್ತಾರೆ, ಇನ್ನೊಬ್ಬರು ಗ್ರಾಂ ಅಂತ. ಅಲ್ಲಿ ಎಲ್ಲಾ ಒಂದೇ ಅಳತೆಗೆ ಬರುತ್ತೆ. ಅದಾದ ಮೇಲೆ ದೊಡ್ಡ ವಾರ್ಡು, ಅದೇ ಉಗ್ರಾಣ. ಅಲ್ಲಿಂದ ಯಾರಿಗೆ ಏನು ಬೇಕೋ ಅಷ್ಟು ಮಾತ್ರ ಸಣ್ಣ ಸಣ್ಣ ಕೋಣೆಗೆ ಹೋಗುತ್ತೆ. ಲಸಿಕೆಯವರಿಗೆ ಒಂದು, ಶಸ್ತ್ರಚಿಕಿತ್ಸೆಯವರಿಗೆ ಒಂದು."

"ಮತ್ತೆ ಬೋನಿನ ಬಾಗಿಲಿಗೆ ಚೀಟಿ?"

ಪುಟ್ಟಿಗೆ ಖುಷಿಯಾಯಿತು. "ಅದೂ ಇದೆ! ಇದು ಎಲ್ಲಿಂದ ಬಂತು, ಯಾರು ಬರೆದಿದ್ದು, ಈ ಅಂಕಿಗೆ ಅರ್ಥ ಏನು ಅಂತ ಪ್ರತಿಯೊಂದಕ್ಕೂ ಚೀಟಿ."

"ಹಾಗಾದ್ರೆ ಆಸ್ಪತ್ರೆನೇ ಕಟ್ಟಿದೀಯ, ವಾಸನೆ ಮಾತ್ರ ಇಲ್ಲ" ಎಂದು ಅಮ್ಮ ಮೊಮ್ಮಗನ ಚಡ್ಡಿಯನ್ನು ನಾಲ್ಕಾಗಿ ಮಡಚಿದಳು.

ಆರು ಆಸ್ಪತ್ರೆಗಳಿಂದ ದಾಖಲೆಗಳನ್ನು ಪೈಪಿನಲ್ಲಿ ನೀರೆಳೆದಂತೆ ಎಳೆದು ಮೊದಲನೇ ಕೋಣೆಗೆ ತಂದು ಸುರಿಯುವ ಹೊಣೆ ಹೊತ್ತವನಿಗೆ ಕಚೇರಿಯಲ್ಲಿ ಪೈಪಣ್ಣ ಎಂದು ಹೆಸರು. ಮೂರನೇ ಆಸ್ಪತ್ರೆಯ ಸರದಿ ಬಂದ ದಿನ ಅವನು ಕುರ್ಚಿಯನ್ನು ಕಾಲಿನಿಂದಲೇ ತಳ್ಳಿಕೊಂಡು ಪುಟ್ಟಿಯ ಪಕ್ಕಕ್ಕೆ ಉರುಳಿ ಬಂದ.

"ಮೇಡಂ, ಅರ್ಜೆಂಟಾಗಿ ನಿಮಗೊಂದು ಮೊಲ ತೋರಿಸಬೇಕು."

"ಮೊಲದಲ್ಲಿ ನೋಡೋದೇನಿದೆ?"

"ವಯಸ್ಸು. ಮೂವತ್ತಾರು."

ಪುಟ್ಟಿ ನಕ್ಕಳು. ಅವನು ನಗಲಿಲ್ಲ. "ಇದರ ಕೆಳಗೆ ಒಂದು ಗಿಳಿ, ಅದಕ್ಕೂ ಮೂವತ್ತಾರು. ಹೋಗಲಿ, ಗಿಳಿ ಬದುಕುತ್ತೆ ಅಂತಾರೆ. ಆದ್ರೆ ಈ ಕೋಳಿ? ಒಟ್ಟು ಒಂಬತ್ತು ಸಾವಿರದ ನಾನೂರ ಮೂವತ್ತೊಂದು ಪ್ರಾಣಿ. ಅದರಲ್ಲಿ ಆರು ಸಾವಿರದ ಇನ್ನೂರ ಹನ್ನೆರಡು ಒಂದೇ ದಿನ ಹುಟ್ಟಿದಾವೆ. ಅವತ್ತು ಊರಲ್ಲಿ ಏನಾಗಿತ್ತೋ ಏನೋ!"

ಪುಟ್ಟಿ ತಾರೀಖು ನೋಡಿದಳು. ಕಿವಿ ಬಿಸಿಯಾಯಿತು. ಅದು ಅವಳು ಹುಟ್ಟಿದ ದಿನ, ಅವಳು ಹುಟ್ಟಿದ ವರ್ಷ.

ಮುಚ್ಚಿಡುವ ಮೊದಲೇ ದೊಡ್ಡ ಡಾಕ್ಟರು ಹಿಂದೆ ನಿಂತಿದ್ದರು. ಆರೂ ಆಸ್ಪತ್ರೆಗಳಿಗೆ ಹಿರಿಯರು, ಹಸುವನ್ನು ಕೂಗುವ ದನಿಯಲ್ಲೇ ಮನುಷ್ಯರೊಂದಿಗೂ ಮಾತಾಡುವವರು.

"ಮೂರನೇ ಆಸ್ಪತ್ರೆ ನಾಯಿಗಳ ಸರಾಸರಿ ವಯಸ್ಸು ಇಪ್ಪತ್ತೈದಾ? ಇದನ್ನ ನೋಡಿ ನಾನು ಲಸಿಕೆ ತರಿಸಲಾ? ಕಸ ಇದು. ಪೂರ್ತಿ ಅಳಿಸಿ ಹಾಕು ಪುಟ್ಟಿ ಮೇಡಂ. ಐದು ಆಸ್ಪತ್ರೆದು ಚೆನ್ನಾಗಿದೆ, ಅದು ಸಾಕು."

"ಡಾಕ್ಟ್ರೇ, ತಿಂಗಳ ಕೊನೆಗೆ ಹಳೇ ಕಂಪ್ಯೂಟರೆಲ್ಲ ತೆಗೀತಾರೆ. ಉಗ್ರಾಣಕ್ಕೆ ಬರದೇ ಇದ್ದದ್ದು ಇನ್ನೆಲ್ಲೂ ಉಳಿಯಲ್ಲ."

"ಉಳೀದಿದ್ರೆ ಬೇಡ. ತಿಂಗಳ ಕೊನೆಗೆ ನಿಮ್ಮ ಅಮ್ಮನೂ ನಿವೃತ್ತಿ ಆಗ್ತಾರಲ್ಲ, ಹೊಸಬರು ಮೊದಲಿಂದ ಬರೀಲಿ. ನಾಳೆ ಬೆಳಿಗ್ಗೆ ಆರೂ ಆಸ್ಪತ್ರೆಯವರ ಸಭೆ. ಅಷ್ಟರಲ್ಲಿ ಸ್ವಚ್ಛ ಆಗಿರಬೇಕು."

ಕಂಪ್ಯೂಟರು ಬಂದ ಮೇಲಿನ ಹದಿನೈದು ವರ್ಷದ ಬರಹ. ಒಂದು ಸಾಲಿನ ಆಜ್ಞೆ ಟೈಪು ಮಾಡಿದರೆ ಮುಗಿಯಿತು, ರಬ್ಬರು ಹಿಡಿದು ಉಜ್ಜುವ ಶ್ರಮವೂ ಇಲ್ಲ. ಪುಟ್ಟಿ ಅದನ್ನು ಟೈಪು ಮಾಡದೆ, ಚೀಲ ಹೆಗಲಿಗೇರಿಸಿ ಮೂರನೇ ಆಸ್ಪತ್ರೆಗೆ ನಡೆದಳು.

ಅಮ್ಮ ಒಂದು ಕೈಯಲ್ಲಿ ಬುಟ್ಟಿಯೊಳಗಿನ ಬೆಕ್ಕನ್ನು ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಕೀಲಿಗಳನ್ನು ಒಂದೊಂದಾಗಿ ಕುಟ್ಟುತ್ತಿದ್ದಳು. ಒಡತಿ ಬೆಕ್ಕನ್ನು ಅಲ್ಲೇ ಬಿಟ್ಟು ಆಚೆ ಹೋಗುವವರೆಗೆ ಪುಟ್ಟಿ ತುಟಿ ಕಚ್ಚಿಕೊಂಡು ನಿಂತಳು.

"ಅಮ್ಮ, ಏನಿದು ನೀನು ಮಾಡಿರೋದು? ಊರಿನ ನಾಯಿ ಬೆಕ್ಕಿಗೆಲ್ಲ ನನ್ನ ಹುಟ್ಟಿದ ದಿನ ಹಂಚಿದೀಯಲ್ಲ!"

"ಎಲ್ಲಕ್ಕೂ ಹಂಚಿಲ್ಲ. ಗೊತ್ತಿಲ್ಲದೆ ಇರೋದಕ್ಕೆ ಮಾತ್ರ."

"ಅಂದ್ರೆ?"

"ಬೀದಿಲಿ ಬಿದ್ದಿದ್ದ ನಾಯಿನ ಪುಣ್ಯಾತ್ಮರು ಯಾರೋ ಎತ್ಕೊಂಡು ಬರ್ತಾರೆ. ಅದು ಯಾವತ್ತು ಹುಟ್ಟಿತು ಅಂತ ಯಾರನ್ನ ಕೇಳಲಿ, ಅದನ್ನೇ ಕೇಳಲಾ? ಈ ಹಾಳು ಕಂಪ್ಯೂಟರು ಆ ಚೌಕ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ಗೊತ್ತಿಲ್ಲ ಅಂತ ಬರೆಯೋಕೂ ಬಿಡಲ್ಲ. ಅದಕ್ಕೇ ನಿನ್ನ ತಾರೀಖು ಹಾಕ್ದೆ. ನಮ್ಮ ಆಸ್ಪತ್ರೆ ಡಾಕ್ಟ್ರಿಗೂ ಹೇಳಿದೀನಿ, ಆ ತಾರೀಖು ಕಂಡ್ರೆ ಗೊತ್ತಿಲ್ಲ ಅಂತ ತಿಳ್ಕೊಳಿ ಅಂತ. ಸುಳ್ಳು ಬರೆಯಲೇಬೇಕಾಗಿ ಬಂದ್ರೆ, ಸುಳ್ಳು ಅಂತ ಎಲ್ಲರಿಗೂ ಗೊತ್ತಾಗೋ ಥರ ಬರೀಬೇಕು ಕಣೇ."

"ದೊಡ್ಡ ಡಾಕ್ಟ್ರು ಎಲ್ಲಾ ಅಳಿಸು ಅಂತಿದಾರೆ."

ಅಮ್ಮ ಬೆಕ್ಕಿನ ಬುಟ್ಟಿಯ ಮುಚ್ಚಳವನ್ನು ಎರಡೆರಡು ಸಲ ಒತ್ತಿ ನೋಡಿದಳು. "ನಿನ್ನ ಕೆಲಸ ನಿನಗೆ ಗೊತ್ತು. ಅಳಿಸೋ ಹಾಗಿದ್ರೆ ಅಳಿಸು. ನಾನು ಹೇಗೂ ಹೋಗೋಳು" ಎಂದಳು. ಆಮೇಲೆ, ಮಗಳತ್ತ ನೋಡದೆ, "ನಮ್ಮಲ್ಲಿಗೆ ಬರೋ ಆ ಬಿಳೀ ಹಸುವಿಗೆ ಪೆನಿಸಿಲಿನ್ ಆಗಿಬರಲ್ಲ. ಅದೊಂದನ್ನ ಎಲ್ಲಾದ್ರೂ ಬರೆದಿಟ್ಕೊಂಡಿರು" ಎಂದು ಸೇರಿಸಿದಳು.

ಪುಟ್ಟಿ ದಾರಿಯುದ್ದಕ್ಕೂ ಯೋಚಿಸುತ್ತ ಬಂದಳು. ಮೂರನೇ ಆಸ್ಪತ್ರೆಯಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಣಿಗಳ ಹುಟ್ಟಿದ ದಿನ ಗೊತ್ತಿಲ್ಲವಾದರೆ, ಉಳಿದ ಐದರಲ್ಲಿ ಎಲ್ಲದರದ್ದೂ ಗೊತ್ತಿರುವುದು ಹೇಗೆ?

ಮರುದಿನ ಸಭೆಯಲ್ಲಿ ಆರು ಆಸ್ಪತ್ರೆಗಳ ದಾಖಲೆಯವರು ಉದ್ದ ಮೇಜಿನ ಸುತ್ತ ಕೂತಿದ್ದರು. ಅಮ್ಮ ಬಾಗಿಲ ಬಳಿಯ ಕುರ್ಚಿ ಹಿಡಿದಿದ್ದಳು. ದೊಡ್ಡ ಡಾಕ್ಟರು "ಸ್ವಚ್ಛ ಆಯ್ತಾ?" ಎಂದರು.

"ಇನ್ನೂ ಇಲ್ಲ ಡಾಕ್ಟ್ರೇ. ಮೊದಲು ಒಂದು ಪ್ರಶ್ನೆ ಕೇಳ್ತೀನಿ" ಎಂದ ಪುಟ್ಟಿ, ಒಂದನೇ ಆಸ್ಪತ್ರೆಯ ಮೀಸೆಯವರ ಕಡೆ ತಿರುಗಿದಳು. "ಸರ್, ಚರಂಡಿಲಿ ಸಿಕ್ಕ ಬೆಕ್ಕಿನ ಮರಿ ಬಂತು. ಹುಟ್ಟಿದ ದಿನ ಏನು ಹಾಕ್ತೀರ?"

"ಹಲ್ಲು ನೋಡಿ ಒಂದು ಅಂದಾಜು..."

"ಹಲ್ಲು ತೋರಿಸದೆ ಪರಚಿದ್ರೆ?"

ಮೀಸೆಯವರು ಮುಂಗೈಯ ಹಳೇ ಗೀರನ್ನು ಸವರಿಕೊಂಡರು. "ಆಗ... ಬಾಯಿಗೆ ಬಂದಿದ್ದು."

"ನಾನು ದಿನಕ್ಕೊಂದು ಬದಲಾಯಿಸ್ತೀನಿ" ಎಂದು ಐದನೇ ಆಸ್ಪತ್ರೆಯಾಕೆ ಹೆಮ್ಮೆಯಿಂದ ನುಡಿದಳು. "ಒಂದೇ ಹಾಕಿದ್ರೆ ಚೆನ್ನಾಗಿ ಕಾಣಲ್ಲ ಅಂತ."

ನಾಲ್ಕನೆಯವರು ಕೆಮ್ಮಿದರು. ಎರಡನೆಯವರಿಗೆ ಇದ್ದಕ್ಕಿದ್ದಂತೆ ಬಾಯಾರಿತು. ಆರನೆಯವರು ಎದ್ದು ಕಿಟಕಿ ತೆಗೆದರು.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ ಈ ಐದರಲ್ಲಿ ಯಾವುದು ನಿಜ, ಯಾವುದು ಬಾಯಿಗೆ ಬಂದಿದ್ದು ಅಂತ..."

"ಹೇಳೋಕೆ ಆಗಲ್ಲ. ನೋಡೋಕೆ ಮಾತ್ರ ಚೆನ್ನಾಗಿದೆ. ಮೂರನೇದರಲ್ಲಿ ಒಂದೊಂದನ್ನೂ ಬೇರೆ ಮಾಡಬಹುದು ಡಾಕ್ಟ್ರೇ, ಯಾಕಂದ್ರೆ ಅಲ್ಲಿ ಗೊತ್ತಿಲ್ಲದ್ದಕ್ಕೆ ಒಂದೇ ಗುರುತಿದೆ."

ಅವಳು ಪರದೆಯ ಮೇಲೆ ತೋರಿಸಿದಳು. ಮೊದಲನೇ ಕೋಣೆಯಲ್ಲಿ ಅಮ್ಮ ಬರೆದದ್ದು ಬರೆದ ಹಾಗೇ ಇತ್ತು. ತೊಳೆಯುವ ಕೋಣೆಯಲ್ಲಿ ಒಂದೇ ಒಂದು ನಿಯಮ: ಈ ತಾರೀಖು ಕಂಡರೆ ವಯಸ್ಸು ಗೊತ್ತಿಲ್ಲವೆಂದು ತಿಳಿ. ಬಾಗಿಲ ಚೀಟಿಯಲ್ಲಿ ಅದರ ಕಾರಣ. ಪೈಪಣ್ಣ ಗುಂಡಿ ಒತ್ತಿದ. ನಾಯಿಗಳ ಸರಾಸರಿ ವಯಸ್ಸು ಇಪ್ಪತ್ತೈದರಿಂದ ಜಾರಿ ಐದಕ್ಕೆ ಬಂದು ನಿಂತಿತು. ದೊಡ್ಡ ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡು ಅದನ್ನು ನೋಡಿ, "ನಾನು ಕಂಡ ನಾಯಿಗಳೂ ಹೀಗೇ ಇರ್ತವೆ. ಮೂರನೇದು ಇರಲಿ" ಎಂದರು. ಆಮೇಲೆ ಮೀಸೆಯವರತ್ತ ಬೊಟ್ಟು ಮಾಡಿ, "ನಿಮ್ಮ ಐವರದ್ದಕ್ಕೂ ಅಂದಾಜು ಅಂತ ಚೀಟಿ ಅಂಟಿಸಲಿ" ಎಂದರು.

ಪುಟ್ಟಿಯ ಹೆಗಲು ಆಗ ತಾನೇ ಇಳಿಯುತ್ತಿತ್ತು. ಬಾಗಿಲ ಬಳಿಯಿಂದ ಅಮ್ಮನ ದನಿ ಬಂತು.

"ಪುಟ್ಟೀ, ನಿಯಮದಲ್ಲಿ ಒಂದನ್ನ ಬಿಟ್ಟು ಅಂತ ಸೇರಿಸು. ಒಂದರ ತಾರೀಖು ನಿಜವಾದ್ದೇ. ಮೊಟ್ಟಮೊದಲನೇ ಸಾಲು."

"ಯಾವ ಪ್ರಾಣಿ ಅಮ್ಮ?"

ಅಮ್ಮ ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಪೈಪಣ್ಣ ಅದನ್ನು ತೆರೆದು ಗಟ್ಟಿಯಾಗಿ ಓದಲು ಶುರು ಮಾಡಿದ್ದ. "ಹೆಸರು, ಪುಟ್ಟಿ. ಜಾತಿ, ಕೋತಿ. ತೂಕ ಐವತ್ತೆರಡು ಕಿಲೋ. ಸ್ವಭಾವ, ವಿಪರೀತ ಹಟ. ರೇಬಿಸ್ ಲಸಿಕೆ, ಬಾಕಿ."

ಸಭೆ ಗೊಳ್ಳೆಂದಿತು. ಮೀಸೆಯವರು ಮೇಜು ಗುದ್ದಿ ಗುದ್ದಿ ನಕ್ಕರು.

"ಕಂಪ್ಯೂಟರು ಬಂದ ದಿನ ಕಣೇ" ಎಂದಳು ಅಮ್ಮ. "ಕಲಿಸೋಕೆ ಬಂದವನು ಯಾವುದಾದ್ರೂ ಒಂದು ಪ್ರಾಣಿ ಹಾಕಿ ನೋಡಿ ಅಂದ. ಅವತ್ತು ಬೆಳಿಗ್ಗೆ ನೀನು ನನ್ನ ಜೊತೆ ಜಗಳ ಆಡಿ ಬಾಗಿಲು ಬಡಿದು ಹೋಗಿದ್ದೆ. ನನಗೆ ಬೇರೆ ಪ್ರಾಣಿ ಹೊಳೀಲೇ ಇಲ್ಲ."

"ಐವತ್ತೆರಡು ಕಿಲೋ ಕೋತಿ" ಎಂದು ದೊಡ್ಡ ಡಾಕ್ಟರು ಕಣ್ಣೊರೆಸಿಕೊಂಡರು. "ಇದೊಂದನ್ನಾದ್ರೂ ಅಳಿಸಮ್ಮ. ಇಲ್ಲದಿದ್ರೆ ನಿನಗೇ ಲಸಿಕೆ ಹಾಕಬೇಕಾಗುತ್ತೆ."

ಪುಟ್ಟಿಯ ಬೆರಳು ಕೀಲಿಯ ಮೇಲಿತ್ತು. ಪರೀಕ್ಷೆಗೆಂದು ಹಾಕಿದ ಸಾಲನ್ನು ಲೋಕದಲ್ಲಿ ಯಾರೇ ಆದರೂ ಅಳಿಸುತ್ತಾರೆ. ಬೇರೆ ಕಡೆ ಅವಳೇ ಎಷ್ಟು ಅಳಿಸಿಲ್ಲ? ಅವಳು ಅಮ್ಮನ ಕಡೆ ನೋಡಿದಳು. ಪುಟ್ಟಿ ಬೆರಳು ತೆಗೆದು, ಆ ಸಾಲಿನ ಚೀಟಿಯಲ್ಲಿ ಬರೆದಳು: ಇದು ಪ್ರಾಣಿಯಲ್ಲ, ಲೆಕ್ಕಕ್ಕೆ ಸೇರಿಸಬಾರದು.

"ಪ್ರಾಣಿಯಲ್ಲ ಅನ್ನೋದಕ್ಕೆ ಪುರಾವೆ ಬೇಕಲ್ಲ ಮೇಡಂ" ಎಂದ ಪೈಪಣ್ಣ.

"ನಿಮ್ಮ ಪೈಪು ಎಲ್ಲಾದ್ರೂ ಕಟ್ಟಿಕೊಂಡಿರುತ್ತೆ, ಹೋಗಿ ಅದನ್ನ ನೋಡಿ" ಎಂದಳು ಪುಟ್ಟಿ.

ತಿಂಗಳ ಕೊನೆಗೆ ಅಮ್ಮ ನಿವೃತ್ತಳಾದಳು. ಹಳೇ ಕಂಪ್ಯೂಟರು ಆರಿಸುವ ಮುನ್ನ, ಆಮೇಲೆ ಬಂದ ಇಪ್ಪತ್ತೊಂಬತ್ತು ಪ್ರಾಣಿಗಳೂ ಸೇರಿ, ಮೂರನೇ ಆಸ್ಪತ್ರೆಯಲ್ಲಿ ಒಂಬತ್ತು ಸಾವಿರದ ನಾನೂರ ಅರವತ್ತು ಸಾಲುಗಳಿದ್ದವು. ಉಗ್ರಾಣದಲ್ಲೂ ಅಷ್ಟೇ ಇದ್ದವು. ಪುಟ್ಟಿ ಒಂದನ್ನೂ ಅಳಿಸಲಿಲ್ಲ. ಎಂಟನೇ ವಯಸ್ಸಿನಲ್ಲಿ ಕೊಟ್ಟ ಮಾತು ಉಳಿಯಿತು.